ಹಣೆ ಕಾಣದ ದನಿ

ನಮ್ಮ ಮನೆಗೆ ರೇಡಿಯೋ ಬಂದ ದಿನ ಅತ್ತೆ ಅದಕ್ಕೆ ದೃಷ್ಟಿ ತೆಗೆದಳು. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಪೆಟ್ಟಿಗೆಯ ಸುತ್ತ ನಿವಾಳಿಸಿ ಒಲೆಗೆ ಹಾಕಿದಳು. "ನೋಡಿದ್ರಾ, ಒಂಚೂರಾದ್ರೂ ಘಾಟು ಬಂತಾ? ಭದ್ರಾವತಿಯಿಂದ ಬರೋ ದಾರೀಲೇ ಎಷ್ಟು ಕಣ್ಣು ಬಿದ್ದಿತ್ತೋ!" ಅಂದಳು. ಘಾಟು ಬಂದಿತ್ತು. ಅಪ್ಪ, ಅಮ್ಮ, ನಾನು ಮೂವರೂ ಸೆರಗಿನಲ್ಲೋ ಪಂಚೆಯಲ್ಲೋ ಮೂಗು ಮುಚ್ಚಿಕೊಂಡು ಕೆಮ್ಮುತ್ತಿದ್ದೆವು. ಆದರೆ ಅತ್ತೆ ಬರಲಿಲ್ಲ ಅಂದ ಮೇಲೆ ಬರಲಿಲ್ಲ. "ಇಲ್ಲ ಅಕ್ಕ, ಘಾಟೇ ಇಲ್ಲ" ಎಂದು ಅಪ್ಪ ಕೆಮ್ಮುತ್ತಲೇ ಹೇಳಿದರು. ನಮ್ಮ ಮನೆ ನಡೆಯುತ್ತಿದ್ದದ್ದೇ ಹಾಗೆ.

ಅತ್ತೆ ಅಂದರೆ ಅಪ್ಪನ ಅಕ್ಕ. ಗಂಡ ಚಳಿಜ್ವರದಲ್ಲಿ ತೀರಿಕೊಂಡ ಮೇಲೆ ತವರಿಗೆ ಬಂದವಳು, ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಮನೆಯ ಯಜಮಾನಿಕೆಯನ್ನೆಲ್ಲ ಕೈಗೆ ತೆಗೆದುಕೊಂಡಿದ್ದಳು. ಶಿವಮೊಗ್ಗದಲ್ಲಿ ಈಗ ಗಾಂಧಿ ಬಜಾರ್ ಅನ್ನುವ ಪೇಟೆಯ ಹಿಂದುಗಡೆ ಒಂದು ಗಲ್ಲಿಯಲ್ಲಿ ನಮ್ಮ ಮನೆ. ಮುಂದಿನ ಬೀದಿಯ ಹೊಸ ಬಟ್ಟೆಯ ವಾಸನೆ, ಬೆಲ್ಲದ ಮಂಡಿಯ ವಾಸನೆ ಎರಡೂ ನಮ್ಮ ಜಗುಲಿಯವರೆಗೆ ಬರುತ್ತಿದ್ದವು. ನಮ್ಮದು ಬೇಸಾಯದ ಮನೆತನ. ಗೋಪಾಳದ ಕಡೆ ಗದ್ದೆಯಿತ್ತು; ಆಗ ಅಲ್ಲಿ ಬಡಾವಣೆಯಿರಲಿ, ಹೊತ್ತು ಮುಳುಗಿದ ಮೇಲೆ ಒಂದು ನರಪಿಳ್ಳೆಯೂ ಕಾಣುತ್ತಿರಲಿಲ್ಲ. ಮನೆತನದಲ್ಲಿ ಮೊದಲು ಸಂಬಳದ ಕೆಲಸ ಹಿಡಿದವರು ಅಪ್ಪ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದರು. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದರು.

ಎರಡನೆಯ ಮಹಾಯುದ್ಧ ಶುರುವಾಗಿದ್ದ ಕಾಲ ಅದು. ಕಾರ್ಖಾನೆಯಲ್ಲಿದ್ದ ಒಬ್ಬ ಬಿಳಿಯ ಇಂಜಿನಿಯರು ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋದ ರೇಡಿಯೋ ಅಪ್ಪನ ಪಾಲಿಗೆ ಬಂತು. ನಮ್ಮ ಗಲ್ಲಿಗೆ ಇನ್ನೂ ಕರೆಂಟು ಬಂದಿರಲಿಲ್ಲವಾದ್ದರಿಂದ ಬ್ಯಾಟರಿಯಿಂದ ನಡೆಯುವ ಸೆಟ್ಟೇ ನಮಗೆ ಬೇಕಿತ್ತು, ಅದೂ ಅಂಥದ್ದೇ ಆಗಿತ್ತು. ಬಾವಿಕಟ್ಟೆಯ ಪಕ್ಕದ ತೆಂಗಿನಮರಕ್ಕೆ ತಾಮ್ರದ ತಂತಿ ಬಿಗಿದು, ಅದರ ತುದಿಯನ್ನು ಅತ್ತೆಯ ಕೋಣೆಯ ಕಿಟಕಿಯಿಂದ ಒಳಗೆ ತಂದರು. ಹಾಗಾಗಿ ರೇಡಿಯೋ ಅತ್ತೆಯ ಕೋಣೆಯಲ್ಲೇ ಇರಬೇಕಾಯಿತು. ನಡುಮನೆಗೆ ಬಾಗಿಲಿದ್ದ ಸಣ್ಣ ಕೋಣೆ ಅದು.

"ನನ್ನ ಕೇಳ್ದೇ ನನ್ನ ಕೋಣೆಗೆ ಬಾಡಿಗೆಯೋನನ್ನ ಇಟ್ರಲ್ಲ" ಎಂದು ಅತ್ತೆ ಗೊಣಗಿದಳು. ಅಂದಿನಿಂದ ರೇಡಿಯೋಕ್ಕೆ ನಮ್ಮ ಮನೆಯಲ್ಲಿ ಬಾಡಿಗೆಯವನು ಅಂತಲೇ ಹೆಸರು. ಬ್ಯಾಟರಿ ಇಳಿದರೆ, "ಬಾಡಿಗೆಯೋನಿಗೆ ಹಸಿವಾಗಿದೆ" ಅನ್ನುವಳು. ಆಗ ಅಪ್ಪ ಆ ಭಾರದ ಬ್ಯಾಟರಿಯನ್ನು ಮರದ ಪೆಟ್ಟಿಗೆಯಲ್ಲಿಟ್ಟು ಹಗ್ಗ ಬಿಗಿದು ರೈಲಿನಲ್ಲಿ ಭದ್ರಾವತಿಗೆ ಒಯ್ದು, ಕಾರ್ಖಾನೆಯ ಗೇಟಿನ ಹತ್ತಿರದ ಅಂಗಡಿಯಲ್ಲಿ ಚಾರ್ಜಿಗೆ ಬಿಟ್ಟು ಬರುತ್ತಿದ್ದರು. ಅದು ವಾಪಸು ಬರುವವರೆಗೂ ಬಾಡಿಗೆಯವನು ಮೂಕ.

ಇನ್ನು ಹಾಡಿನ ವಿಷಯ ಹೇಳಬೇಕು. ಇಲ್ಲದಿದ್ದರೆ ನಾನು ಇಷ್ಟೆಲ್ಲ ನೆನಪು ಮಾಡಿಕೊಳ್ಳುತ್ತಿರುವುದಕ್ಕೆ ಅರ್ಥವಿಲ್ಲ.

ನಮ್ಮ ಮನೆತನದಲ್ಲಿ ಮದುವೆಯ ಹುಡುಗಿಯನ್ನು ಹಸೆಗೆ ಕೂರಿಸುವ ಮುಂಚೆ ಹೇಳುವ ಒಂದು ಹಾಡಿತ್ತು. ಅಪ್ಪಣೆ ಹಾಡು ಅನ್ನುತ್ತಿದ್ದರು. ಹುಡುಗಿಯನ್ನು ಕಳಿಸಿಕೊಡಿ ಎಂದು ಮನೆಯ ಒಂದೊಂದು ವಸ್ತುವನ್ನೂ ಕೇಳಿಕೊಳ್ಳುವ ಹಾಡು. ಹೊಸಿಲನ್ನು ಕೇಳಬೇಕು, ಒಲೆಯನ್ನು, ಒರಳನ್ನು, ಬಾವಿಯನ್ನು, ಕೊಟ್ಟಿಗೆಯ ಹಸುವನ್ನು ಕೇಳಬೇಕು. ಪ್ರತಿ ಸೊಲ್ಲು ಮುಗಿದಾಗಲೂ ಸೇರಿದ ಹೆಂಗಸರು ಆ ವಸ್ತುವಿನ ಪರವಾಗಿ "ಹೋಗಿ ಬಾ" ಅನ್ನಬೇಕು. ಯಾವ ಮನೆಯಲ್ಲಿ ಏನಿದೆಯೋ ಅದಕ್ಕೆ ತಕ್ಕ ಸೊಲ್ಲು ಕಟ್ಟಿಕೊಳ್ಳುವುದು ಹೇಳುವವಳ ಜಾಣ್ಮೆ. ಅಜ್ಜಿಯಿಂದ ಅದು ಅತ್ತೆಗೆ ಬಂದಿತ್ತು. ಅತ್ತೆಗೆ ಎಂಥ ಕಂಠವಿತ್ತೆಂದರೆ, ಅವಳನ್ನು ಹಾಡು ಹೇಳಲು ಕರೆದುಕೊಂಡು ಹೋಗಲಿಕ್ಕೆ ಸುತ್ತಲ ಊರುಗಳಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ಇದನ್ನು ಅಮ್ಮ ಹೇಳಿದ್ದು. ನಾನು ಕೇಳಿರಲಿಲ್ಲ. ಗಂಡ ಹೋದ ಮೇಲೆ ಅತ್ತೆ ಹಾಡುವುದನ್ನು ಬಿಟ್ಟುಬಿಟ್ಟಿದ್ದಳು.

ಹಸೆಯ ಹಾಡು ಮುತ್ತೈದೆಯರೇ ಹೇಳಬೇಕು ಅನ್ನುವುದು ಎಲ್ಲರಿಗೂ ಗೊತ್ತಿದ್ದ ಮಾತು. ಆದರೂ ಅತ್ತೆಗೆ ಬಾಯಿಬಿಟ್ಟು ಯಾರೂ ಬೇಡವೆಂದಿರಲಿಲ್ಲ. "ಯಾರಾದ್ರೂ 'ನೀನು ಆಚೆ ಇರು' ಅನ್ನೋಕ್ಕೆ ಮುಂಚೆ ನಾನೇ ಆಚೆ ಬಂದೆ. ಇನ್ನೊಬ್ಬರ ಕೈಲಿ ಅನ್ನಿಸ್ಕೊಳ್ಳೋ ಜಾತಿ ಅಲ್ಲ ನಾನು" ಎಂದು ಅಮ್ಮನ ಹತ್ತಿರ ಒಮ್ಮೆ ಹೇಳಿದ್ದಳಂತೆ. ಅಮ್ಮ, "ನಂಗಾದ್ರೂ ಹೇಳ್ಕೊಡಿ ಅತ್ತಿಗೆ, ಹಾಡು ಉಳೀಲಿ" ಎಂದು ಕೇಳಿದ್ದಕ್ಕೆ, "ಹಾಡ್ದೇ ಹಾಡು ಹೇಳ್ಕೊಡೋದು ಹೆಂಗೆ ಮಾರಾಯ್ತಿ? ಬಾಯಲ್ಲಿ ಹೇಳಿದ್ರೆ ಅದು ಅಡುಗೆ ಸಾಮಾನಿನ ಪಟ್ಟಿ ಆಗತ್ತೆ" ಅಂದುಬಿಟ್ಟಳು. ಹೀಗಾಗಿ ದಾಯಾದಿಗಳ ಮನೆಯ ಹುಡುಗಿಯರೆಲ್ಲ ಅಪ್ಪಣೆ ಹಾಡಿಲ್ಲದೆಯೇ ಹಸೆಗೆ ಕೂತರು. ನನಗೆ ಅದು ಸಣ್ಣ ವಯಸ್ಸಿನಿಂದಲೇ ಹೊಟ್ಟೆಯುರಿಯ ವಿಷಯ. ಒಡವೆ, ರೇಷ್ಮೆಸೀರೆ ಯಾವುದೂ ಸಿಗದಿದ್ದರೂ ಚಿಂತೆಯಿಲ್ಲ, ನನ್ನ ಮದುವೆಯಲ್ಲಿ ಆ ಹಾಡು ಆಗಬೇಕು ಅಂದುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ.

ರೇಡಿಯೋ ಬಂದ ಹೊಸದರಲ್ಲಿ ಅಪ್ಪನಿಗೆ ಯುದ್ಧದ ಸುದ್ದಿ ಬೇಕಿತ್ತು. ನಮಗೆ ಸಂಗೀತ ಬೇಕಿತ್ತು. ಗುಂಡಿ ತಿರುಗಿಸಿದರೆ ಮೊದಲು ಒಳಗಿನ ದೀಪ ಹೊತ್ತಿಕೊಳ್ಳುತ್ತಿತ್ತು, ಅದು ಕಾದ ಮೇಲೆಯೇ ದನಿ. ಆ ನಡುವೆ ನಾವೆಲ್ಲ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಮೈಸೂರಿನಿಂದ ವೀಣೆ ಬರುತ್ತಿತ್ತು. ಮದರಾಸಿನಿಂದ ನಾಗಸ್ವರ. ನಮ್ಮೂರಿನಲ್ಲಿ ವಾಲಗ ಅಂದರೆ ಮದುವೆ, ಜಾತ್ರೆಗಳ ಗಲಾಟೆಯ ನಡುವೆ ಕೇಳಿಸುವುದು; ಅದನ್ನು ಸುಮ್ಮನೆ ಕೂತು ಕೇಳಬಹುದು, ಅದರಲ್ಲಿ ಒಂದೇ ರಾಗವನ್ನು ಅಷ್ಟು ನಿಧಾನವಾಗಿ ಬಿಡಿಸುತ್ತಾರೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಬೊಂಬಾಯಿಯಿಂದ ಒಬ್ಬರು ಹಿಂದುಸ್ತಾನಿ ಹಾಡಿದರು. ಒಂದು 'ಆ'ಕಾರ ಹಿಡಿದರೆ ಅಮ್ಮ ಒಗ್ಗರಣೆ ಹಾಕಿ ಸಾರು ಇಳಿಸಿ ಬಂದರೂ ಅದೇ 'ಆ'ಕಾರ.

"ಇವರಿಗೆ ಮಾತು ಮರೆತುಹೋಗಿದೆಯೋ ಹೆಂಗೆ?" ಎಂದರು ಅಪ್ಪ.

"ಸುಮ್ನಿರೋ. ಮಾತಿಲ್ದೇ ಹಾಡ್ತಿದಾನೆ, ಪುಣ್ಯಾತ್ಮ. ಯಾರ ಹಾಡು, ಎಂಥದ್ದು ಅಂತ ಯಾರೂ ಕೇಳಂಗಿಲ್ಲ" ಅಂದಳು ಅತ್ತೆ. ಆ ಮಾತಿನಲ್ಲಿ ಅವಳ ಎಂದಿನ ಕೊಂಕು ಇರಲಿಲ್ಲ. ನನಗೆ ಅದು ವಿಚಿತ್ರವಾಗಿ ಕಂಡಿತು.

ಗುಂಡಿಯನ್ನು ಇನ್ನೊಂದು ಕಡೆಗೆ ತಿರುಗಿಸಿದರೆ ಪರದೇಶಗಳು ಸಿಗುತ್ತಿದ್ದವು. ಅಲೆಯ ಮೇಲೆ ತೇಲಿದ ಹಾಗೆ ಒಮ್ಮೆ ಹತ್ತಿರ, ಒಮ್ಮೆ ದೂರ. ಯಾವ ದೇಶವೆಂದು ತಿಳಿಯುವ ಮೊದಲೇ ಗೊರಗೊರ ಶಬ್ದ ಬಂದು ಮುಚ್ಚಿಬಿಡುತ್ತಿತ್ತು. ನೂರಾರು ಪಿಟೀಲುಗಳನ್ನು ಒಟ್ಟಿಗೆ ಬಾರಿಸುವ ಒಂದು ಸಂಗೀತ ಬರುತ್ತಿತ್ತು. ನಾಟಿಯ ದಿನ ಗದ್ದೆಯಲ್ಲಿ ಹೆಂಗಸರೆಲ್ಲ ಒಟ್ಟಿಗೆ ಬಗ್ಗಿ ಒಟ್ಟಿಗೆ ಏಳುವ ಹಾಗೆ ಅದು ಏಳುತ್ತಿತ್ತು, ಇಳಿಯುತ್ತಿತ್ತು. ಅರಬ್ಬಿಯೋ ಪಾರಸಿಯೋ ಇರಬೇಕು, ಇನ್ನೊಂದು ಕಡೆಯಿಂದ ಒಬ್ಬ ಹೆಂಗಸು ಎದೆ ಬಿರಿಯುವ ಹಾಗೆ ಹಾಡುತ್ತಿದ್ದಳು. ಇಂಥದ್ದು ಬಂದಾಗ ಅತ್ತೆ ತೀರ್ಪು ಕೊಡುತ್ತಿದ್ದಳು. "ಇದು ಬೀಸೋ ಪದ." "ಇದು ಮಗು ಮಲಗಿಸೋದು. ಆದ್ರೆ ಆ ದೇಶದ ಮಗು ಬೇಗ ಮಲಗಲ್ಲ ಅಂತ ಕಾಣತ್ತೆ." "ಇವಳು ಅಣ್ಣನ ಮೇಲೆ ಮುನಿಸ್ಕೊಂಡು ಹಾಡ್ತಿದಾಳೆ, ತವರಿಗೆ ಕರೆದಿಲ್ಲ." ಅವಳು ಹೇಳಿದ್ದು ಸರಿಯೋ ತಪ್ಪೋ ಇವತ್ತಿಗೂ ನನಗೆ ಗೊತ್ತಿಲ್ಲ. ಬಹುಶಃ ಎಲ್ಲವೂ ತಪ್ಪು. ಆದರೆ ಆ ತೀರ್ಪಿನ ದೆಸೆಯಿಂದ, ಲೋಕದಲ್ಲಿ ಎಲ್ಲ ಕಡೆಯೂ ಹೆಂಗಸರು ಬೀಸುತ್ತಾರೆ, ಮಗು ತೂಗುತ್ತಾರೆ, ಅಣ್ಣತಮ್ಮಂದಿರ ಮೇಲೆ ಮುನಿಸಿಕೊಳ್ಳುತ್ತಾರೆ ಅನ್ನುವ ನಂಬಿಕೆ ನನಗೆ ಕೂತುಬಿಟ್ಟಿತು. ಭೂಗೋಳದ ಪುಸ್ತಕದಿಂದ ನಾನು ಕಲಿತದ್ದು ಇದಕ್ಕಿಂತ ಕಡಿಮೆಯೇ.

ಹೀಗೆ ಕೇಳುವಾಗ ಅತ್ತೆ ಗೋಡೆಗೆ ಒರಗಿ ಕಾಲು ಚಾಚಿ ಕೂತಿರುತ್ತಿದ್ದಳು. ಮುಖ ಗಂಟು. ಬಾಯಿ ಬಿಗಿ. ಆದರೆ ಸೀರೆಯ ಅಂಚಿನಡಿಯಲ್ಲಿ ಅವಳ ಕಾಲ್ಬೆರಳು ತಾಳ ಹಾಕುತ್ತಿತ್ತು. ಪೂರ್ತಿ ಬಿಟ್ಟವಳ ಕಾಲ್ಬೆರಳು ಹಾಗೆ ಆಡುವುದಿಲ್ಲ ಎಂದು ನನಗೆ ಧೈರ್ಯ ಬರುತ್ತಿತ್ತು.

ನಮ್ಮ ಗಲ್ಲಿಯ ಮೂಲೆಮನೆಯಲ್ಲಿ ಒಬ್ಬ ದೊಡ್ಡಮ್ಮ ಇದ್ದರು. ನಮಗೆ ನೆಂಟರಲ್ಲ, ಗಲ್ಲಿಗೆಲ್ಲ ದೊಡ್ಡಮ್ಮ. ಅತ್ತೆ ಹಾಡು ಬಿಟ್ಟ ಮೇಲೆ ಗಲ್ಲಿಯ ಶುಭಕಾರ್ಯಗಳಲ್ಲಿ ಹಾಡು ಹೇಳುವ ಹೊಣೆ ಅವರ ಮೇಲೆ ಬಿದ್ದಿತ್ತು. ಅವರಿಗೆ ಶ್ರದ್ಧೆ ಬೇಕಾದಷ್ಟಿತ್ತು, ಶ್ರುತಿ ಒಂದಿಷ್ಟೂ ಇರಲಿಲ್ಲ. ಇದು ಅವರಿಗೂ ಗೊತ್ತಿತ್ತು. ಶುಕ್ರವಾರ ಸಂಜೆ ಮೈಸೂರಿನಿಂದ ಹಾಡುಗಾರಿಕೆ ಇದ್ದರೆ ಕೊನೆಗೆ ಮಂಗಳ ಹಾಡುತ್ತಾರೆ ಎಂದು ಕಂಡುಕೊಂಡದ್ದೇ, ಅವರು ದೀಪ ಹಚ್ಚಿದ ಆರತಿ ತಟ್ಟೆಯನ್ನು ಸೆರಗಿನ ಮರೆಯಲ್ಲಿ ಹಿಡಿದುಕೊಂಡು ನಮ್ಮ ಮನೆಗೆ ಬರತೊಡಗಿದರು. ನಡುಮನೆಯ ದೇವರ ಪಟದ ಮುಂದೆ ಕಾದು ನಿಂತು, ರೇಡಿಯೋದಲ್ಲಿ ಮಂಗಳ ಶುರುವಾದ ಕೂಡಲೇ ಆರತಿ ಎತ್ತುವರು. ಹಾಡುವವರು ಬೇಗ ಮುಗಿಸಿದರೆ ಆರತಿಯೂ ಬೇಗ. ಒಂದು ಸಲ ಹಾಡುಗಾರ್ತಿ ಮಂಗಳವನ್ನು ಎಳೆದೂ ಎಳೆದೂ ದೊಡ್ಡಮ್ಮನ ಕೈ ನೋವು ಬಂದು, "ಸಾಕು ಬಿಡಮ್ಮ ತಾಯಿ" ಎಂದು ಅವರು ರೇಡಿಯೋದ ಕಡೆ ನೋಡಿ ಬೇಡಿಕೊಂಡದ್ದುಂಟು.

ಅಂಥ ಒಂದು ಶುಕ್ರವಾರ, ಆರತಿ ಅರ್ಧದಲ್ಲಿರುವಾಗ, ಅತ್ತೆ ಕೋಣೆಯೊಳಗಿಂದ ಕೇಳಿದಳು: "ಅಲ್ಲಾ, ಆ ಹಾಡ್ತಿರೋಳಿಗೆ ಗಂಡ ಇದಾನೇನೋ ತಮ್ಮಾ?"

ಅಪ್ಪ ತಬ್ಬಿಬ್ಬಾದರು. "ನಂಗೇನು ಗೊತ್ತು ಅಕ್ಕ? ರೇಡಿಯೋದೋರು ಅದನ್ನೆಲ್ಲ ಹೇಳಲ್ಲ."

"ಹೇಳ್ಬೇಕಪ್ಪ ಮತ್ತೆ. ದೊಡ್ಡಮ್ಮ ಆರತಿ ಎತ್ತುತಿದಾರೆ. ಹಾಡ್ತಿರೋಳು ನನ್ನಂಗೆ ಬರೀ ಹಣೆಯೋಳು ಆಗಿದ್ರೆ?"

ಅಮ್ಮ ನೆಲ ನೋಡಿದಳು. ನಾನು ದೊಡ್ಡಮ್ಮನ ಮುಖ ನೋಡಿದೆ. ಅವರ ಕೈ ಒಂದು ಗಳಿಗೆ ನಿಂತಿತು, ಆರತಿಯ ದೀಪ ಅಲುಗಿತು. ಆಮೇಲೆ ಅವರು ಮತ್ತೆ ತಟ್ಟೆ ತಿರುಗಿಸುತ್ತಾ, "ನಂಗೆ ಹಣೆ ಕಾಣಿಸ್ತಿಲ್ಲ ಮಾರಾಯ್ತಿ, ಹಾಡು ಕೇಳಿಸ್ತಿದೆ. ನಂಗಷ್ಟೇ ಸಾಕು" ಅಂದರು.

ಮಾತಿಗೆ ಮಾತು ಕೊಡದೆ ಅತ್ತೆ ಸುಮ್ಮನಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇದಾದ ಮೇಲೆ, ಬಾಡಿಗೆಯವನಿಗೆ ಊಟ ಎಲ್ಲಿಂದ ಬರುತ್ತದೋ ನೋಡಬೇಕೆಂದು ಅತ್ತೆ ಹಟ ಹಿಡಿದಳು. ಒಂದು ದಿನ ಅಪ್ಪ ಅವಳನ್ನೂ ನನ್ನನ್ನೂ ಬ್ಯಾಟರಿಯ ಜೊತೆಗೆ ಭದ್ರಾವತಿಗೆ ಕರೆದುಕೊಂಡು ಹೋದರು. ಬ್ಯಾಟರಿಯ ಆಸಿಡ್ ಚೆಲ್ಲಿದರೆ ಬಟ್ಟೆ ಸುಟ್ಟು ತೂತಾಗುತ್ತದೆ ಎಂದು ಅಪ್ಪ ಎಚ್ಚರಿಕೆ ಹೇಳಿದ್ದೇ ತಡ, ಅತ್ತೆ ದಾರಿಯುದ್ದಕ್ಕೂ ಎರಡೂ ಕಾಲನ್ನು ಬೆಂಚಿನ ಮೇಲಿಟ್ಟುಕೊಂಡು ಕೂತಳು. "ನೆಟ್ಟಗಿಡೋ, ಚೆಲ್ಲತ್ತೆ" ಎಂದು ಪ್ರತಿ ಸ್ಟೇಷನ್ನಿನಲ್ಲೂ ಅಪ್ಪನನ್ನು ಗದರಿದಳು.

ಕಾರ್ಖಾನೆಯ ಚಿಮಣಿಗಳನ್ನೂ ಕೆಂಪಗಿನ ಧೂಳನ್ನೂ ನೋಡಿ ಅತ್ತೆಗೆ ಆಶ್ಚರ್ಯವೇನೂ ಆಗಲಿಲ್ಲ. ಅವಳಿಗೆ ಆಶ್ಚರ್ಯವಾದದ್ದು ಬೀದಿಯ ಮಾತು. ಒಂದು ಬಾಗಿಲಲ್ಲಿ ತಮಿಳು, ಪಕ್ಕದ ಬಾಗಿಲಲ್ಲಿ ತೆಲುಗು, ನಲ್ಲಿಯ ಹತ್ತಿರ ಕನ್ನಡವೂ ಸೇರಿ ಮೂರರ ಜಗಳ. "ಇಲ್ಲಿ ಗುಂಡಿ ತಿರುಗಿಸೋದೇ ಬೇಡ, ನಡಕೊಂಡು ಹೋದ್ರೆ ಸಾಕು" ಅಂದಳು.

ಅಂಗಡಿಯವರು ತಮಿಳರು, ನಡುವಯಸ್ಸಿನ ನಗುಮುಖದವರು. "ವಾಂಗಮ್ಮಾ, ಕೂತ್ಕೊಳ್ಳಿ" ಎಂದು ಬೆಂಚು ಒರೆಸಿ ಕೊಟ್ಟರು. ಸಾಲಾಗಿ ಇಟ್ಟ ಬ್ಯಾಟರಿಗಳು ಒಳಗೊಳಗೇ ಗುಳುಗುಳು ಅನ್ನುತ್ತಿದ್ದವು. "ಗಂಜಿ ಕುಡೀತಿವೆ" ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದಳು. ಹಲಗೆಯ ಮೇಲೆ ಅವರದೇ ಒಂದು ರೇಡಿಯೋ ಕರೆಂಟಿನಲ್ಲಿ ಹಾಡುತ್ತಿತ್ತು. ಅವರ ಹೆಂಡತಿ ಒಳಬಾಗಿಲಲ್ಲಿ ನಿಂತು ಅಳುವ ಕೂಸನ್ನು ತಟ್ಟುತ್ತಿದ್ದರು. ಅಪ್ಪ ಉಗ್ರಾಣಕ್ಕೆ ಹೋದರು, ನಾವು ಕೂತೆವು.

ರೇಡಿಯೋದಲ್ಲಿ ಯಾವುದೋ ದೇಶದ ಹೆಂಗಸರು ಚಪ್ಪಾಳೆ ತಟ್ಟಿಕೊಂಡು ಹಾಡಲು ಶುರು ಮಾಡಿದರು. ಒಬ್ಬಳು ಎತ್ತಿಕೊಡುತ್ತಿದ್ದಳು, ಉಳಿದವರು ಒಂದೇ ಪದದಲ್ಲಿ ಉತ್ತರ ಕೊಡುತ್ತಿದ್ದರು. ನಮ್ಮ ಅಪ್ಪಣೆ ಹಾಡಿನ ಹಾಗೆಯೇ ಇರಬೇಕು ಎಂದು ನಾನು ಅಂದುಕೊಳ್ಳುತ್ತಿದ್ದಂತೆ, ನನ್ನ ಪಕ್ಕದಿಂದ ಇನ್ನೊಂದು ದನಿ ಎದ್ದಿತು. ಮಾತಿಲ್ಲ, ಬರೀ ಸ್ವರ. ಮೊದಲು ರೇಡಿಯೋದವರ ಬೆನ್ನ ಹಿಂದೆ ನಡೆಯಿತು, ಆಮೇಲೆ ಅವರ ಪಕ್ಕಕ್ಕೆ ಬಂತು, ಆಮೇಲೆ ಸ್ವಲ್ಪ ಮುಂದಕ್ಕೇ ಹೋಯಿತು. ನಾನು ತಿರುಗಿ ನೋಡಲಿಲ್ಲ. ನೋಡಿದರೆ ನಿಲ್ಲಿಸಿಬಿಟ್ಟಾಳು ಎಂಬ ಭಯ. ಅಂಥ ದನಿಯನ್ನು ಇಷ್ಟು ವರ್ಷ ಬಾಯಿ ಮುಚ್ಚಿ ಇಟ್ಟುಕೊಂಡಿದ್ದಳಲ್ಲ ಎಂದು ನನಗೆ ದುಃಖವಾಯಿತು, ಸಿಟ್ಟೂ ಬಂತು. ಕೂಸು ಅಳು ನಿಲ್ಲಿಸಿತ್ತು.

ಅಂಗಡಿಯವರು ನಮಗೆ ಬೆನ್ನು ಹಾಕಿ ತಂತಿ ಸಿಕ್ಕಿಸುತ್ತಿದ್ದರು. ಹಾಡು ಮುಗಿದಾಗ ತಿರುಗಿ, "ಆಹಾ! ಯಾರಮ್ಮಾ ಅದು ಕೊನೇಲಿ ಪಾಡಿದ್ದು? ಇಲ್ಲೇ ಕೂತು ಪಾಡಿದ ಹಾಗೆ ಇತ್ತು" ಅಂದರು.

"ರೇಡಿಯೋ ಕಣಪ್ಪ" ಅಂದಳು ಅತ್ತೆ, ಮುಖದಲ್ಲಿ ಏನೂ ತೋರಿಸದೆ.

ಅವರ ಹೆಂಡತಿ ಎಲ್ಲವನ್ನೂ ನೋಡಿದ್ದರು. ಅವರು ನಕ್ಕು, ಮಲಗಿದ ಕೂಸನ್ನು ಎತ್ತಿಕೊಂಡು ಒಳಗೆ ಹೋದರು, ಗಂಡನಿಗೆ ಏನೂ ಹೇಳಲಿಲ್ಲ.

ನನ್ನ ಮದುವೆ ನಿಶ್ಚಯವಾದಾಗ ಯುದ್ಧ ಮುಗಿಯುತ್ತಾ ಬಂದಿತ್ತು. ಗಂಡಿನ ಕಡೆಯವರು ಭದ್ರಾವತಿಯವರೇ. ಹುಡುಗ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಲಗ್ನಪತ್ರಿಕೆ ಆದ ಸಂಜೆ ನಾನು ಧೈರ್ಯ ಮಾಡಿ ಅತ್ತೆಯ ಕೋಣೆಗೆ ಹೋದೆ. ಅವಳು ಬಾಡಿಗೆಯವನ ಮೇಲಿನ ಧೂಳು ಒರೆಸುತ್ತಿದ್ದಳು.

"ಅತ್ತೆ, ನಂಗೆ ಅಪ್ಪಣೆ ಹಾಡು ಬೇಕು."

"ಮೂಲೆಮನೆ ದೊಡ್ಡಮ್ಮ ಹೇಳ್ತಾರೆ ಬಿಡು ಏನಾದ್ರೂ."

"ಅವರಿಗೆ ಬರಲ್ಲ. ನಿಮಗೆ ಬರತ್ತೆ. ಭದ್ರಾವತಿ ಅಂಗಡೀಲಿ ಹಾಡಿದ್ದು ನೀವೇ."

"ನನ್ನ ಹಣೆ ನೋಡ್ಕೊಂಡು ಮಾತಾಡು ಮಗಾ" ಅಂದಳು. ಗದರಲಿಲ್ಲ. ಗದರಿದ್ದರೆ ನಾನೂ ವಾದ ಮಾಡುತ್ತಿದ್ದೆ. "ನಿನ್ನ ಅತ್ತೆಮನೆಯೋರು ಬಂದು ಕೂತಿರ್ತಾರೆ. ಯಾರೋ ಒಬ್ಬಳು ಒಂದು ಮಾತು ಅಂದ್ರೆ? ನಂಗೆ ಅಂದ್ರೆ ನಾನು ತಡ್ಕೋತೀನಿ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಂಗೆ ಅಂತಾರೆ."

ನಾನು ಹೊರಗೆ ಬಂದು ಬಾವಿಕಟ್ಟೆಯ ಮೇಲೆ ಕೂತು ಅಳು ನುಂಗಿಕೊಂಡೆ. ಆಸೆ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮದುವೆ ನಮ್ಮ ಮನೆಯ ಮುಂದೆಯೇ, ಚಪ್ಪರ ಹಾಕಿ. ನೆಂಟರಿಗೆ ರೇಡಿಯೋ ಕೇಳಿಸಬೇಕೆಂದು ಅಪ್ಪನಿಗೆ ಉಮೇದು. ಬ್ಯಾಟರಿಯನ್ನು ಮೊದಲೇ ಚಾರ್ಜಿಗೆ ಕಳಿಸಿದ್ದರು. ಅಂಗಡಿಯವರನ್ನೂ ಮದುವೆಗೆ ಕರೆದಿದ್ದರಿಂದ, ಬೆಳಗಿನ ರೈಲಿನಲ್ಲಿ ತಾನೇ ತರುತ್ತೇನೆ ಎಂದು ಅವರು ಹೇಳಿಕಳಿಸಿದ್ದರು. ರೈಲು ತಡವಾಯಿತು. ಹಸೆಗೆ ಕರೆಯುವ ಹೊತ್ತಾದರೂ ಅವರ ಸುಳಿವಿಲ್ಲ. ಬಾಡಿಗೆಯವನು ಉಪವಾಸ ಎಂದು ಮನೆಯವರಿಗೂ ಮೂಲೆಮನೆ ದೊಡ್ಡಮ್ಮನಿಗೂ ಗೊತ್ತಿತ್ತು.

ನಡುಮನೆಯಲ್ಲಿ ಹಸೆ. ಗಂಡಿನ ಕಡೆಯ ಹೆಂಗಸರು ಒಂದು ಮಗ್ಗುಲಿಗೆ, ನಮ್ಮವರು ಒಂದು ಮಗ್ಗುಲಿಗೆ. ಹಸೆಯಿಂದ ದೂರ, ಗೋಡೆಗೆ ಒರಗಿ ಗಂಡಿನ ಅಜ್ಜಿ ಕೂತಿದ್ದರು. ಅವರ ಹಣೆಯೂ ಬರಿದು. ತಾವಾಗಿಯೇ ಅಷ್ಟು ದೂರ ಕೂತಿದ್ದರು. ಅತ್ತೆ ತನ್ನ ಕೋಣೆಯೊಳಗಿದ್ದಳು. ಬಾಗಿಲು ಒಂದಿಷ್ಟೇ ಓರೆಯಾಗಿತ್ತು.

ವಾಲಗದವರು ನಿಲ್ಲಿಸಿದರು. ದೊಡ್ಡಮ್ಮ ಒಂದು ಹಾಡು ಎತ್ತಿಕೊಂಡರು. ಮೊದಲನೆಯ ಸೊಲ್ಲು ಹೇಗೋ ದಾಟಿತು, ಎರಡನೆಯದು ಮರೆತುಹೋಯಿತು. ತಡವರಿಸಿದರು, ಮತ್ತೆ ಮೊದಲನೆಯದಕ್ಕೇ ಬಂದರು, ನಿಲ್ಲಿಸಿದರು. ಗಂಡಿನ ಕಡೆಯ ಹುಡುಗಿಯರು ಸೆರಗಿನಲ್ಲಿ ನಗು ಮುಚ್ಚಿಕೊಂಡರು.

ಆಗ ಕೋಣೆಯಿಂದ ಹಾಡು ಬಂತು.

ಹೊಸಿಲನ್ನು ಕೇಳಿತು, ನಮ್ಮ ಹುಡುಗಿಯನ್ನು ಕಳಿಸಿಕೊಡು ಎಂದು. ಇದೇ ಅಪ್ಪಣೆ ಹಾಡು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಸೊಲ್ಲು ಮುಗಿದಾಗ ಉತ್ತರ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಹಾಡು ಸ್ವಲ್ಪ ಕಾದು, ಒಲೆಯ ಕಡೆಗೆ ಹೋಯಿತು.

"ಯಾರದು ಹಾಡ್ತಿರೋದು?" ಎಂದು ನನ್ನ ಅತ್ತೆಯಾಗುವವರು ಕೇಳಿದರು.

"ರೇಡಿಯೋ" ಅಂದರು ಮೂಲೆಮನೆ ದೊಡ್ಡಮ್ಮ, ಕಣ್ಣು ಮಿಟುಕಿಸದೆ. "ಇವರ ಮನೇಲಿ ರೇಡಿಯೋ ಇದೆ. ಶುಕ್ರವಾರ ಶುಕ್ರವಾರ ನಾನು ಅದರ ಹಾಡಿಗೇ ಆರತಿ ಎತ್ತೋದು."

ಸರಿಯಾಗಿ ಅದೇ ಹೊತ್ತಿಗೆ ಅಂಗಡಿಯವರು ಬೆವರು ಸುರಿಸುತ್ತಾ ಬಾಗಿಲಲ್ಲಿ ಬಂದು ನಿಂತರು. ಹೆಗಲ ಮೇಲೆ ಬ್ಯಾಟರಿ.

ಗಂಡಿನ ಕಡೆಯವರು ಭದ್ರಾವತಿಯವರು, ಬ್ಯಾಟರಿ ಕಾಣದವರೇನಲ್ಲ. ನನ್ನ ಅತ್ತೆಯಾಗುವವರು ಬ್ಯಾಟರಿ ನೋಡಿದರು, ಓರೆಯಾಗಿದ್ದ ಬಾಗಿಲು ನೋಡಿದರು. "ಇದು ರೇಡಿಯೋದ ಬ್ಯಾಟರಿ ಅಲ್ವಾ? ಇದು ಇಲ್ಲಿದ್ರೆ ಒಳಗೆ..." ಎಂದು ನಿಲ್ಲಿಸಿದರು.

ಒಳಗಿನ ಹಾಡೂ ನಿಂತುಹೋಯಿತು.

ನನಗೆ ಹಸೆ ಬೇಡ, ಮದುವೆ ಬೇಡ, ಆ ಕೋಣೆಗೆ ಓಡಿಹೋಗಿ ಬಾಗಿಲು ಹಾಕಿಕೊಂಡುಬಿಡಬೇಕು ಅನ್ನಿಸಿತು. ನನ್ನ ಆಸೆಗಾಗಿ ಅವಳು ಈ ಅವಮಾನಕ್ಕೆ ಸಿಕ್ಕಿಬಿದ್ದಳಲ್ಲ!

ಅಷ್ಟರಲ್ಲಿ ಗೋಡೆಯ ಹತ್ತಿರದಿಂದ ಗಂಡಿನ ಅಜ್ಜಿ ಮಾತಾಡಿದರು. "ಯಾಕೆ ನಿಂತೋಯ್ತು? ಚೆನ್ನಾಗಿ ಬರ್ತಿತ್ತಲ್ಲ. ಆ ರೇಡಿಯೋ ಸ್ವಲ್ಪ ಜೋರು ಮಾಡ್ರಮ್ಮ, ನನ್ನ ಕಿವಿ ಮಂದ."

ಅಜ್ಜಿ ತಮ್ಮ ಸೊಸೆಯ, ಅಂದರೆ ನನ್ನ ಅತ್ತೆಯಾಗುವವರ ಕಡೆ ನೋಡಿ, "ನಿಂಗೆ ಏನಾದ್ರೂ ಹಣೆ ಕಾಣಿಸ್ತಾ? ನಂಗಂತೂ ಇಲ್ಲ" ಅಂದರು. ಅಲ್ಲಿದ್ದ ಯಾರೂ ಹಣೆಯ ಮಾತೇ ಎತ್ತಿರಲಿಲ್ಲ. ಸೊಸೆ ತಲೆ ತಗ್ಗಿಸಿ, "ಇಲ್ಲ ಅತ್ತೆ, ರೇಡಿಯೋನೇ ಇರ್ಬೇಕು" ಅಂದರು.

ಅಮ್ಮ ಎದ್ದು ಹೋಗಿ ಕೋಣೆಯ ಬಾಗಿಲನ್ನು ಪೂರ್ತಿ ತೆರೆದಳು.

ಹಾಡು ಮತ್ತೆ ಶುರುವಾಯಿತು, ಈ ಸಲ ಗಂಟಲು ಬಿಚ್ಚಿ. ಒರಳನ್ನು ಕೇಳಿತು. ಬಾಗಿಲಲ್ಲೇ ನಿಂತಿದ್ದ ಅಮ್ಮ "ಹೋಗಿ ಬಾ" ಅಂದಳು. ಬಾವಿಯನ್ನು ಕೇಳಿತು. ಮೂಲೆಮನೆ ದೊಡ್ಡಮ್ಮ, ಅಮ್ಮ, ನಮ್ಮ ಕಡೆಯವರೆಲ್ಲ "ಹೋಗಿ ಬಾ" ಅಂದರು. ಹಸುವನ್ನು ಕೇಳುವ ಹೊತ್ತಿಗೆ ಗಂಡಿನ ಕಡೆಯವರೂ ಸೇರಿಕೊಂಡರು, ಗೋಡೆಯ ಹತ್ತಿರದ ಅಜ್ಜಿಯದು ಎಲ್ಲರಿಗಿಂತ ಜೋರು. ಕೊನೆಗೆ ಅತ್ತೆ ತಾನೇ ಕಟ್ಟಿದ ಸೊಲ್ಲು ಬಂತು: ಕಿಟಕಿಯಿಂದ ಬಂದ ಬಾಡಿಗೆಯವನೇ, ದೇಶದೇಶದ ಹೆಂಗಸರನ್ನು ಕರೆತಂದು ನನ್ನ ಪಕ್ಕದಲ್ಲಿ ಕೂರಿಸಿದವನೇ, ನಮ್ಮ ಹುಡುಗಿಯನ್ನು ಕಳಿಸಿಕೊಡು ಎಂದು.

ಈ ಸೊಲ್ಲಿಗೆ ಉತ್ತರ ಹೇಳುವವರು ಯಾರು? ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರೇಡಿಯೋ ತನ್ನನ್ನು ತಾನೇ ಅಪ್ಪಣೆ ಕೇಳಿದರೆ ಯಾರೇನು ಮಾಡಲಿಕ್ಕಾಗುತ್ತದೆ? ಆಗ ಬ್ಯಾಟರಿಯನ್ನು ಇಳಿಸುವುದನ್ನೂ ಮರೆತು ಬಾಗಿಲಲ್ಲಿ ನಿಂತಿದ್ದ ಅಂಗಡಿಯವರು, ಅದರ ಪರವಾಗಿ ಮೆಲ್ಲಗೆ, ತಮ್ಮ ತಮಿಳಿನಲ್ಲೇ, "ಪೋಯಿಟ್ಟು ವಾ ಅಮ್ಮಾ" ಅಂದರು.

ಮನೆಯೆಲ್ಲ ನಕ್ಕಿತು. ಮದುವೆಯಲ್ಲಿ ಅಳುವ ಹುಡುಗಿಯರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಅವತ್ತು ಹಸೆಯ ಪಕ್ಕ ನಿಂತು ನಾನೂ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ನಗು ಇನ್ನೂ ಮುಗಿದಿರಲಿಲ್ಲ, ಕೋಣೆಯೊಳಗಿನಿಂದ ರೇಡಿಯೋ ತನ್ನ ಎಂದಿನ ದನಿಯಲ್ಲಿ ಗದರಿತು:

"ಅದನ್ನ ಮೊದಲು ಕೆಳಗಿಡಪ್ಪ, ಚೆಲ್ಲತ್ತೆ!"